ಬೊಟ್ಟಿಯ ದೊಡ್ಡ ಬಾಗಿಲು

ಎರಡು ಗುಡ್ಡಗಳ ನಡುವೆ ಒಂದು ಹಳ್ಳ ಹರಿಯುತ್ತದೆ. ಹಳ್ಳದ ಆಚೆ ದಂಡೆಯಲ್ಲಿ ತೇಗ, ಮತ್ತಿ, ಬೂರುಗದಂಥ ದೊಡ್ಡ ಮರಗಳಿವೆ. ಈಚೆ ದಂಡೆಯಲ್ಲಿ ಬಿದಿರು ಮೆಳೆ ಇದೆ. ಮೆಳೆ ಎಂದರೆ ಬಿದಿರುಗಳು ಒಂದಕ್ಕೊಂದು ಒತ್ತಿಕೊಂಡು ಪೊದೆಯ ಹಾಗೆ ಬೆಳೆದಿರುವ ಜಾಗ. ಆ ಮೆಳೆಯಲ್ಲಿ ಬೊಟ್ಟಿ ಎಂಬ ಪುಟ್ಟ ಮರಕುಟಿಗ ತನ್ನ ಗಂಡ ಕೆಂಚನ ಜೊತೆ ಇದ್ದಳು.

ಪುಟ್ಟ ಎಂದರೆ ಎಷ್ಟು ಪುಟ್ಟ ಎಂದು ನೀವು ಕೇಳುತ್ತೀರಿ, ಮಕ್ಕಳೇ. ಒಂದು ಗುಬ್ಬಚ್ಚಿಯನ್ನು ನೆನೆಸಿಕೊಳ್ಳಿ. ಬೊಟ್ಟಿ ಅದಕ್ಕಿಂತಲೂ ಚಿಕ್ಕವಳು. ನಿಮ್ಮ ಅಂಗೈ ಮೇಲೆ ಬಂದು ಕೂತರೆ ಇನ್ನೂ ಜಾಗ ಉಳಿಯುತ್ತದೆ. ಬೆನ್ನು ಹಸಿರು, ಎಳೆ ಹುಲ್ಲಿನ ಹಸಿರಲ್ಲ, ಕಲ್ಲಿನ ಮೇಲೆ ಒಣಗಿದ ಪಾಚಿಯ ಹಸಿರು. ಹೊಟ್ಟೆ ಬಿಳಿ. ಆ ಬಿಳಿಯ ತುಂಬ ಕಪ್ಪು ಬೊಟ್ಟುಗಳು. ಅವಳಿಗೆ ಬೊಟ್ಟಿ ಎಂದು ಹೆಸರು ಬಂದದ್ದು ಅದರಿಂದಲೇ. ಮುಖದ ಎರಡೂ ಬದಿಗೆ ಎರಡೆರಡು ಬಿಳಿ ಪಟ್ಟೆ, ಕಣ್ಣಿನ ಮೇಲೊಂದು, ಕೆಳಗೊಂದು. ಕೆಂಚನೂ ಹೀಗೆಯೇ ಇದ್ದ, ಆದರೆ ಅವನ ಹಣೆಯಲ್ಲಿ ಚೂರು ಕೆಂಬಣ್ಣ ಇತ್ತು. ಇಬ್ಬರೂ ಅಕ್ಕಪಕ್ಕ ಕೂತರೆ ಗಂಡು ಯಾವುದು ಹೆಣ್ಣು ಯಾವುದು ಎಂದು ತಿಳಿಯುವುದು ಆ ಹಣೆಯಿಂದ ಮಾತ್ರ.

ಇನ್ನೂ ಒಂದು ವಿಷಯ ಹೇಳಬೇಕು, ಏಕೆಂದರೆ ಅದು ಮುಂದೆ ಬೇಕಾಗುತ್ತದೆ. ದೊಡ್ಡ ಮರಕುಟಿಗಗಳು ಮರದ ಕಾಂಡಕ್ಕೆ ಬಾಲವನ್ನು ಊರಿ, ಕುರ್ಚಿಗೆ ಒರಗಿದ ಹಾಗೆ ಕೂರುತ್ತವೆ. ಅವುಗಳ ಬಾಲ ಅಷ್ಟು ಗಡುಸು. ಬೊಟ್ಟಿಯ ಬಾಲ ಮೊಂಡು, ಮೆತ್ತಗೆ. ಊರಲು ಬರುವುದಿಲ್ಲ. ಅವಳು ಬೆರಳು ಗಾತ್ರದ ಕಡ್ಡಿಗಳ ಮೇಲೆ ಓಡಾಡುತ್ತಾಳೆ, ಬೇಕೆನಿಸಿದರೆ ತಲೆಕೆಳಗಾಗಿ ಜೋತು ಬೀಳುತ್ತಾಳೆ, ಒಣ ಬಿದಿರನ್ನು ಟಕಟಕ ಎಂದು ಕುಟ್ಟಿ ಒಳಗಿನ ಇರುವೆ, ಹುಳ ಹೆಕ್ಕುತ್ತಾಳೆ. ಆ ಸದ್ದು ಹತ್ತಿರ ನಿಂತವರಿಗೆ ಮಾತ್ರ ಕೇಳುತ್ತದೆ.

ಬೊಟ್ಟಿಗೆ ಇದೇ ಕೊರಗು. ಊಟಕ್ಕೆ ಕೊರತೆ ಇರಲಿಲ್ಲ. ಗಂಡ ಒಳ್ಳೆಯವನು. ಆದರೆ ತಾನು ಇದ್ದೇನೆ ಎಂಬುದೇ ಕಾಡಿನಲ್ಲಿ ಯಾರಿಗೂ ಗೊತ್ತಿಲ್ಲವಲ್ಲ ಎಂದು ಅವಳಿಗೆ ದಿನವೂ ಅನಿಸುತ್ತಿತ್ತು.

ಚಳಿ ಇಳಿಯುತ್ತಿದ್ದ ಒಂದು ಬೆಳಗ್ಗೆ ಬೊಟ್ಟಿ ಒಣ ಬಿದಿರು ಕುಟ್ಟುತ್ತಿದ್ದಳು. ಆಚೆ ದಂಡೆಯಿಂದ ಮೆಳೆಯ ಮೇಲೆ ಚಾಚಿದ್ದ ತೇಗದ ಕೊಂಬೆಯಲ್ಲಿ ಇಬ್ಬರು ಕೂತು ಮಾತಾಡುತ್ತಿದ್ದರು. ಒಬ್ಬಳು ಹೊನ್ನಮ್ಮ. ಅವಳೂ ಮರಕುಟಿಗವೇ, ಆದರೆ ಪಾರಿವಾಳದಷ್ಟು ಉದ್ದ, ಚಿನ್ನದ ಬಣ್ಣದ ಬೆನ್ನು, ತಲೆಯ ಮೇಲೆ ಜುಟ್ಟು. ಇನ್ನೊಬ್ಬ ಮಟಪಕ್ಷಿ. ಉದ್ದ ಬಾಲದ, ಕಂದು ಮೈಯ, ಕಾಗೆಯ ನೆಂಟ. ಕಾಗೆಯ ಹಾಗೆಯೇ ಇವನಿಗೂ ಬೇರೆಯವರ ಗೂಡಿನ ಮೊಟ್ಟೆ ಎಂದರೆ ಇಷ್ಟ. ಹೊನ್ನಮ್ಮನಿಗೆ ಮಾತ್ರ ಅವನ ಹೆದರಿಕೆ ಇರಲಿಲ್ಲ. ಅವಳ ಕೊಕ್ಕಿನ ಏಟನ್ನು ಅವನು ಒಮ್ಮೆ ತಿಂದಿದ್ದ. ಅಲ್ಲಿಂದೀಚೆಗೆ ಇಬ್ಬರೂ ಸ್ನೇಹಿತರು.

ಮಟಪಕ್ಷಿ ಕಿವಿಗೊಟ್ಟು ಕೇಳಿ, ಕೆಳಗೆ ಏನೋ ಸದ್ದಾಗುತ್ತಿದೆಯಲ್ಲ ಎಂದ.

"ಯಾವುದೋ ಹುಳ ಬಿದಿರು ಕೊರೆಯುತ್ತಿರಬೇಕು," ಎಂದಳು ಹೊನ್ನಮ್ಮ.

ಬೊಟ್ಟಿ ಎಲೆಗಳ ಮರೆಯಿಂದ ಹೊರಗೆ ಬಂದಳು. ಹುಳ ಅಲ್ಲ, ನಾನು, ನಾನೂ ಮರಕುಟಿಗವೇ ಎಂದು ಹೇಳಿಕೊಂಡಳು. ಹೊನ್ನಮ್ಮ ಕತ್ತು ಓರೆ ಮಾಡಿ ಅವಳನ್ನು ನೋಡಿದಳು. ಹೊನ್ನಮ್ಮ ಕೆಟ್ಟವಳಲ್ಲ; ಮನಸ್ಸಿಗೆ ಬಂದದ್ದನ್ನು ಹಾಗೆಯೇ ಹೇಳಿಬಿಡುವವಳು, ಅಷ್ಟೆ.

"ಬೇಜಾರು ಮಾಡಿಕೊಳ್ಳಬೇಡ ತಾಯಿ. ಮರಕುಟಿಗ ಅಂದಮೇಲೆ ಬಾಲ ಊರಿ ಕೂರಬೇಕು, ತಲೆ ಮೇಲೆ ಜುಟ್ಟಿರಬೇಕು, ಕುಟ್ಟಿದರೆ ಆಚೆ ಗುಡ್ಡಕ್ಕೆ ಕೇಳಬೇಕು. ಇದರಲ್ಲಿ ನಿನಗೆ ಯಾವುದಿದೆ, ನೀನೇ ಹೇಳು?"

ಮಟಪಕ್ಷಿ ಕೊಕ್ಕನ್ನು ಕೊಂಬೆಗೆ ಉಜ್ಜುತ್ತ ನಕ್ಕ. "ನಾನಂತೂ ಬಾಗಿಲು ನೋಡಿಯೇ ಒಳಗೆ ಯಾರಿದ್ದಾರೆ ಅಂತ ಹೇಳುತ್ತೇನೆ, ಹೊನ್ನಮ್ಮನವರೇ. ಇವರ ಮನೆ ಬಾಗಿಲು ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿಲ್ಲ."

ಮೊಟ್ಟೆ ಕದಿಯುವವನ ಕಣ್ಣಿಗೆ ಬಾಗಿಲು ಬಿದ್ದಿಲ್ಲ ಎಂದರೆ ಅದು ಸಂತೋಷದ ಸಂಗತಿ. ಆದರೆ ಬೊಟ್ಟಿಗೆ ಆಗ ಅದು ತಿಳಿಯಲಿಲ್ಲ. ಅವಮಾನವಾದಾಗ ನಮಗೆ ಮಾತಿನ ಚುಚ್ಚು ಕೇಳುತ್ತದೆ, ಮಾತಿನ ಅರ್ಥ ಕೇಳುವುದಿಲ್ಲ.

ಅವಳು ಮನೆಗೆ ಬಂದಾಗ ಕೆಂಚ ಸತ್ತು ಒಣಗಿದ ಒಂದು ಬಿದಿರಿಗೆ ತೂತು ಕೊರೆಯುತ್ತಿದ್ದ. ಆಗಲೇ ಅವನ ತಲೆ ಹಿಡಿಯುವಷ್ಟು ಆಗಿತ್ತು. ಇನ್ನು ಇಪ್ಪತ್ತು ದಿನಕ್ಕೆ ಬೊಟ್ಟಿ ಮೊಟ್ಟೆ ಇಡಬೇಕಿತ್ತು. ಅಷ್ಟರೊಳಗೆ ಗೂಡು ಆಗಬೇಕು, ಏಕೆಂದರೆ ಮೊಟ್ಟೆ ಕಾಯುವುದಿಲ್ಲ. ದಿನ ತುಂಬಿದರೆ ಬಂದೇ ಬರುತ್ತದೆ. ಗೂಡಿಲ್ಲದಿದ್ದರೆ ನೆಲಕ್ಕೆ ಬಿದ್ದು ಒಡೆಯುತ್ತದೆ.

ಈ ಸಲ ಬಿದಿರು ಬೇಡ ಎಂದಳು ಬೊಟ್ಟಿ. ಹಳ್ಳದ ಆಚೆ ಅರ್ಧ ಕೊಳೆತು ಲಡ್ಡಾದ ಬೂರುಗದ ಮರ ಇದೆ, ಅದರ ಕಾಂಡದಲ್ಲಿ ಗೂಡು ಮಾಡೋಣ, ಬಾಗಿಲು ಹೊನ್ನಮ್ಮನವರ ಬಾಗಿಲಿನ ಹಾಗೆ ದೊಡ್ಡದಾಗಿರಲಿ, ಹೋಗುವವರು ಬರುವವರು ನೋಡಿ ಇಲ್ಲಿ ಮರಕುಟಿಗ ಇದೆ ಎಂದು ಹೇಳುವಂತಿರಲಿ ಎಂದಳು.

ಕೆಂಚ ಮೂತಿಗೆ ಅಂಟಿದ ಹೊಟ್ಟನ್ನು ಒರೆಸಿಕೊಂಡ.

"ಅಲ್ಲ ಕಣೇ, ನಾವು ಒಳಗೆ ಹೋಗೋಕೆ ಬಾಗಿಲೋ, ಅವರು ನೋಡೋಕೆ ಬಾಗಿಲೋ?"

"ಎರಡಕ್ಕೂ," ಎಂದಳು ಬೊಟ್ಟಿ.

ಕೆಂಚ ವಾದ ಮಾಡುವವನಲ್ಲ. ತಾನು ಶುರು ಮಾಡಿದ ತೂತನ್ನು ಹಾಗೆಯೇ ಬಿಟ್ಟು ಅವಳ ಹಿಂದೆ ಹಾರಿದ. ಬೂರುಗದ ಕಟ್ಟಿಗೆ ಮೆತ್ತಗಿರುತ್ತದೆ, ಲಡ್ಡಾಗಿದ್ದರೆ ಇನ್ನೂ ಮೆತ್ತಗೆ. ಇಲ್ಲದಿದ್ದರೆ ಅವರ ಸೂಜಿಯಂಥ ಕೊಕ್ಕಿಗೆ ಅದು ಬಗ್ಗುತ್ತಲೇ ಇರಲಿಲ್ಲ. ಆದರೂ ಬಾಲ ಊರಲಾಗದೆ ಕಾಂಡದ ಮೇಲೆ ನಿಲ್ಲುವುದೇ ಕಷ್ಟ. ಒಬ್ಬರು ಕುಟ್ಟಿದರೆ ಇನ್ನೊಬ್ಬರು ದಣಿವಾರಿಸಿಕೊಳ್ಳುವರು. ತೂತು ತಮ್ಮ ಮೈ ಹಿಡಿಯುವಷ್ಟಾದಾಗ ಕೆಂಚ ಸಾಕು ಎಂದ. ಬೊಟ್ಟಿ ಸಾಲದು ಎಂದಳು. ಅವರಂಥ ಇಬ್ಬರು ಒಟ್ಟಿಗೆ ಹೋಗುವಷ್ಟಾದಾಗಲೂ ಸಾಲದು ಎಂದಳು. ಹದಿನೈದನೆಯ ದಿನ ಬಾಗಿಲು ಅವರಂಥ ಮೂವರು ಒಟ್ಟಿಗೆ ನುಗ್ಗುವಷ್ಟು ಅಗಲವಾಯಿತು. ಮರದ ಬುಡದಲ್ಲಿ ಹೊಟ್ಟು ರಾಶಿ ಬಿದ್ದಿತ್ತು. ಅಂದು ಸಂಜೆ ಹೊನ್ನಮ್ಮ ಆ ದಾರಿಯಲ್ಲಿ ಹಾರಿಹೋಗುತ್ತ, ಯಾರದಪ್ಪ ಇದು, ಮರಕುಟಿಗದ ಮನೆ ಇದ್ದಂಗಿದೆ ಎಂದಳು. ಬೊಟ್ಟಿಗೆ ಆ ರಾತ್ರಿ ಊಟವೇ ಬೇಡವೆನಿಸಿತು, ಅಷ್ಟು ಹೊಟ್ಟೆ ತುಂಬಿತ್ತು.

ಮಾರನೆಯ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಇರುವೆ ಹೆಕ್ಕಲು ಹೋಗಿದ್ದರು. ತಿರುಗಿ ಬಂದು ನೋಡಿದರೆ ಬಾಗಿಲಲ್ಲಿ ಒಂದು ದಪ್ಪ ತಲೆ ಕಾಣಿಸಿತು. ದಪ್ಪ ಕೊಕ್ಕು, ಕೊಕ್ಕಿನ ಸುತ್ತ ಮೀಸೆ, ಕೆನ್ನೆಯಲ್ಲಿ ಬಿಳಿ. ಅದು ಕುಟ್ರು ಹಕ್ಕಿ. ಕಾಡಿನಲ್ಲಿ ಎಲ್ಲರೂ ಅವನನ್ನು ಕುಟ್ರಯ್ಯ ಎನ್ನುತ್ತಿದ್ದರು. ಮೈ ಎಲ್ಲ ಎಲೆಹಸಿರು, ದಿನವೆಲ್ಲ ಕುಟ್ರೂ ಕುಟ್ರೂ ಎಂದು ಕೂಗುವವನು. ಅವನೂ ಮರ ಕೊರೆದೇ ಗೂಡು ಮಾಡುವ ಜಾತಿ. ಆದರೆ ಆ ವರ್ಷ ಅವನು ಆರಿಸಿಕೊಂಡ ಮತ್ತಿಯ ಕೊಂಬೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅರ್ಧಕ್ಕೇ ಬಿಟ್ಟು, ಸಿದ್ಧ ಮನೆ ಎಲ್ಲಾದರೂ ಸಿಕ್ಕೀತೇ ಎಂದು ಹುಡುಕುತ್ತಿದ್ದ.

"ಬನ್ನಿ ಬನ್ನಿ," ಎಂದ ಕುಟ್ರಯ್ಯ, ತನ್ನ ಮನೆಗೆ ನೆಂಟರು ಬಂದ ಹಾಗೆ. "ಒಳಗೆ ಕೂರಿಸೋಣ ಅಂದರೆ ಜಾಗ ನನಗೇ ಸರಿಹೋಗಿದೆ."

ಇದು ನಮ್ಮ ಮನೆ, ಹದಿನೈದು ದಿನ ಕೊರೆದಿದ್ದೇವೆ ಎಂದು ಬೊಟ್ಟಿ ಹೇಳಿದಳು. ಇಷ್ಟು ಚಿಕ್ಕವರು ಇಷ್ಟು ದೊಡ್ಡ ಬಾಗಿಲು ಕೊರೆದದ್ದನ್ನು ತಾನು ಎಲ್ಲೂ ಕಂಡಿಲ್ಲ, ಅದೂ ಅಲ್ಲದೆ ನೀವು ಯಾವ ಜಾತಿಯ ಹಕ್ಕಿ ಎಂಬುದೇ ತನಗೆ ಗೊತ್ತಾಗುತ್ತಿಲ್ಲ ಎಂದು ಕುಟ್ರಯ್ಯ ಮೆತ್ತಗೆ ಹೇಳಿದ. ಹೊಡೆದಾಡಿದರೆ ಗೆಲ್ಲುವ ಹಾಗಿರಲಿಲ್ಲ. ಕೆಂಚ ಹೋಗಿ ಮಂಗಟ್ಟೆ ಅಜ್ಜಿಯನ್ನು ಕರೆತಂದ.

ಮಂಗಟ್ಟೆ ಎಂದರೆ ದೊಡ್ಡ, ಬಾಗಿದ ಕೊಕ್ಕಿನ ಹಕ್ಕಿ. ಅದು ಹಾರಿದರೆ ರೆಕ್ಕೆಯ ಸದ್ದು ಕೆಳಗೆ ಕೇಳಿಸುತ್ತದೆ. ಈ ಅಜ್ಜಿ ಆ ಕಾಡಿನಲ್ಲಿ ಎಲ್ಲರಿಗಿಂತ ಹಳಬಳು. ಪೊಟರೆಯ ಜಗಳಗಳನ್ನು ಬಗೆಹರಿಸುವುದು ಅವಳ ಕೆಲಸ. ಪೊಟರೆ ಎಂದರೆ ಮರದೊಳಗಿನ ತೂತು, ಅಂದರೆ ಇಂಥ ಹಕ್ಕಿಗಳ ಮನೆ. ವಿಷಯ ತಿಳಿದು ಹೊನ್ನಮ್ಮ ಬಂದಳು. ಕರೆಯದೆಯೇ ಮಟಪಕ್ಷಿಯೂ ಬಂದ.

ಅಜ್ಜಿ ಮೊದಲು ಬೊಟ್ಟಿಯನ್ನು ಹತ್ತಿರ ಕರೆದಳು. ಕಾಲು ತೋರಿಸು ಎಂದಳು. ಬೊಟ್ಟಿ ತೋರಿಸಿದಳು. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಗುಬ್ಬಿ ಕಾಗೆಗಳಿಗೆ ಹೀಗಿರುವುದಿಲ್ಲ. ಅವಕ್ಕೆ ಮೂರು ಮುಂದೆ, ಒಂದು ಹಿಂದೆ. ನಾಲಗೆ ಚಾಚು ಎಂದಳು. ಕೊಕ್ಕಿಗಿಂತ ಉದ್ದದ ನಾಲಗೆ ಹೊರಗೆ ಬಂತು, ಬಿದಿರಿನೊಳಗಿನ ಇರುವೆ ಎಳೆಯುವಂಥದ್ದು. ಕೊನೆಗೆ, ಇಲ್ಲಿ ಕುಟ್ಟು ನೋಡೋಣ ಎಂದಳು. ಬೊಟ್ಟಿ ಟಕಟಕ ಕುಟ್ಟಿದಳು. ಹೊಟ್ಟು ಉದುರಿತು. ಬುಡದಲ್ಲಿ ಬಿದ್ದಿದ್ದ ರಾಶಿಯಲ್ಲಿಯೂ ಅಂಥದೇ ಸಣ್ಣ ಹೊಟ್ಟು.

"ಇವಳು ಮರಕುಟಿಗವೇ," ಎಂದಳು ಅಜ್ಜಿ. "ಈ ಮನೆ ಕೊರೆದದ್ದೂ ಇವಳೇ, ಹೊಟ್ಟೇ ಹೇಳುತ್ತೆ. ಬಾಲ ಮೊಂಡಾದರೇನು, ಜುಟ್ಟಿಲ್ಲದಿದ್ದರೇನು. ಒಂದು ಗುರುತು ಇಲ್ಲ ಅಂತ ಹಕ್ಕಿಯನ್ನು ಜಾತಿಯಿಂದ ಹೊರಗೆ ಹಾಕೋಕಾಗುತ್ತಾ ಹೊನ್ನಿ? ಕಾಲು ನೋಡಬೇಕು, ನಾಲಗೆ ನೋಡಬೇಕು, ಏನು ಮಾಡಿ ಬದುಕುತ್ತೆ ಅದನ್ನ ನೋಡಬೇಕು."

ಹೊನ್ನಮ್ಮ ಬೇರೆ ಕಡೆ ನೋಡಿದಳು. ಬೊಟ್ಟಿಯ ಎದೆ ಉಬ್ಬಿತು. ಇಷ್ಟು ಜನರೆದುರು ಅಜ್ಜಿಯೇ ಹೇಳಿದಳು. ಇದಕ್ಕಾಗಿ ಅವಳು ಎಷ್ಟು ವರ್ಷ ಕಾದಿದ್ದಳು. ಮನೆಯೂ ಬಂದ ಹಾಗೆಯೇ ಎಂದುಕೊಂಡಳು.

ಆದರೆ ಅಜ್ಜಿಯ ಮಾತು ಮುಗಿದಿರಲಿಲ್ಲ. ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಪೊಟರೆ ಯಾರದು ಎಂಬ ಜಗಳ ಬಂದಾಗ ಇಬ್ಬರೂ ಎಲ್ಲರೆದುರು ಬಾಗಿಲಲ್ಲಿ ಹೊಕ್ಕು ಬರಬೇಕು. ಹೊಗುವಾಗ ಯಾರ ಎರಡೂ ಪಕ್ಕೆ ಬಾಗಿಲಿಗೆ ತಾಗುತ್ತದೋ ಮನೆ ಅವರದು. ಪ್ರತಿ ಹಕ್ಕಿಯೂ ಬಾಗಿಲನ್ನು ತನ್ನ ಮೈಯ ಅಳತೆಗೇ ಕೊರೆಯುತ್ತದೆ, ಆದ್ದರಿಂದ ಬಾಗಿಲೇ ಸಾಕ್ಷಿ ಎಂಬುದು ಹಿಂದಿನವರ ಲೆಕ್ಕ. ಆ ಲೆಕ್ಕ ಅಲ್ಲಿಯವರೆಗೆ ಒಮ್ಮೆಯೂ ತಪ್ಪಿರಲಿಲ್ಲ.

ಕುಟ್ರಯ್ಯ ಹೊಕ್ಕ. ಎಡ ಪಕ್ಕೆ ತಾಗಿತು, ಬಲ ಪಕ್ಕೆ ತಾಗಿತು. ಅವನಿಗೆ ಅಳತೆ ತೆಗೆದು ಮಾಡಿಸಿದ ಹಾಗಿತ್ತು.

ಬೊಟ್ಟಿ ಹೊಕ್ಕಳು. ರೆಕ್ಕೆಯ ತುದಿಯೂ ತಾಗಲಿಲ್ಲ. ಅವಳು ಬಾಗಿಲಲ್ಲಿ ನಿಂತು ಎಡಕ್ಕೆ ಸರಿದು ನೋಡಿದಳು, ಬಲಕ್ಕೆ ಸರಿದು ನೋಡಿದಳು, ಮೈ ಉಬ್ಬಿಸಿ ನೋಡಿದಳು. ಎಷ್ಟು ಉಬ್ಬಿಸಿದರೂ ಒಂದು ಕಡೆ ತಾಗಿದರೆ ಇನ್ನೊಂದು ಕಡೆ ಬೆಳಕು ಕಾಣುತ್ತಿತ್ತು. ಮಟಪಕ್ಷಿಗೆ ನಗು ತಡೆಯಲಾಗಲಿಲ್ಲ.

"ಅಜ್ಜಿ, ಕೊರೆದದ್ದು ನಾನೇ ಅಂತ ನೀವೇ ಹೇಳಿದಿರಿ," ಎಂದಳು ಬೊಟ್ಟಿ, ಬಾಗಿಲಲ್ಲೇ ನಿಂತು. "ಇನ್ನು ಐದು ದಿನಕ್ಕೆ ಮೊಟ್ಟೆ ಬರುತ್ತದೆ."

"ಗೊತ್ತು ಮಗಳೇ. ಆದರೆ ಇದು ಈ ಕಾಡಿನ ಎಲ್ಲ ಮನೆಗಳನ್ನೂ ಕಾಯುವ ಪದ್ಧತಿ. ನಿನಗೊಬ್ಬಳಿಗೆ ಬಿಟ್ಟರೆ ನಾಳೆ ಇನ್ನೊಬ್ಬರು ಬರುತ್ತಾರೆ. ನಿನ್ನ ಅಳತೆಗೆ ಕೊರೆದಿದ್ದರೆ ಕುಟ್ರಯ್ಯನ ತಲೆ ಸಹ ಒಳಗೆ ಬರುತ್ತಿರಲಿಲ್ಲ. ಅವನ ಅಳತೆಗೆ ಯಾಕೆ ಕೊರೆದೆ?"

 ಹೊನ್ನಮ್ಮ ನೋಡಲಿ ಎಂದೇ ಕೊರೆದೆ ಎಂದು ಬೊಟ್ಟಿ ಹೊನ್ನಮ್ಮನ ಎದುರೇ ಹೇಳುವುದು ಹೇಗೆ?

ಅಜ್ಜಿ ಅವಳ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ನನ್ನ ಕೊಕ್ಕು ನೋಡು. ಈ ಕಾಡಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಇನ್ನು ಹತ್ತು ದಿನಕ್ಕೆ ನಾನು ಮೊಟ್ಟೆ ಇಡಲು ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿ ಮುಚ್ಚಿಕೊಳ್ಳುತ್ತೇನೆ. ಕೊಕ್ಕಿನ ತುದಿ ಆಡುವಷ್ಟು ಸಂದು ಬಿಡುತ್ತೇನೆ. ನಮ್ಮ ಯಜಮಾನರು ಹಣ್ಣು ತಂದು ಆ ಸಂದಿನಲ್ಲಿ ಕೊಡುತ್ತಾರೆ. ಆಗ ಹೊರಗಿನಿಂದ ನೋಡಿದವರಿಗೆ ಅಲ್ಲಿ ಮನೆ ಇದೆ ಅಂತಲೇ ತಿಳಿಯುವುದಿಲ್ಲ. ಅದಕ್ಕೇ ನನ್ನ ಮರಿಗಳು ದೊಡ್ಡವಾಗುತ್ತವೆ."

ಇಷ್ಟು ಹೇಳಿ ಅಜ್ಜಿ ಹಾರಿಹೋದಳು. ಕುಟ್ರಯ್ಯ ಮನೆಯೊಳಗೆ ಹೋದ. ನೋಡಲು ಬಂದವರು ಚದುರಿದರು. ಬೊಟ್ಟಿ ಬೂರುಗದ ಬುಡದಲ್ಲಿ, ತಾನೇ ಉದುರಿಸಿದ ಹೊಟ್ಟಿನ ಮೇಲೆ ಕೂತಳು. ಹದಿನೈದು ದಿನದ ಕೆಲಸ ಅವಳ ಕಾಲ ಕೆಳಗಿತ್ತು. ಮೊಟ್ಟೆ ನೆಲಕ್ಕೆ ಬೀಳುವುದು ಅವಳ ಕಣ್ಣಿಗೆ ಕಟ್ಟಿತು.

ಕೆಂಚ ಬಂದು ಪಕ್ಕದಲ್ಲಿ ಕೂತ. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಅವನು ಹಾಗೆ ಹೇಳಿದ್ದರೆ ಅವಳು ಅಲ್ಲಿಯೇ ಕೂತಿರುತ್ತಿದ್ದಳೇನೋ.

"ಬಿದಿರಿನ ತೂತು ಅರ್ಧ ಆಗಿದೆ," ಎಂದ. "ಐದು ದಿನ ಇದೆ."

ಇಬ್ಬರೂ ಹಳ್ಳ ದಾಟಿ ಮೆಳೆಗೆ ಬಂದರು. ಬಿಡುವಿಲ್ಲದೆ ಕುಟ್ಟಿದರು. ಬಿದಿರು ಒಳಗೆ ಟೊಳ್ಳು. ಗೋಡೆ ಕೊರೆದರೆ ಸಾಕು, ಒಳಗೆ ಕೋಣೆ ತಾನಾಗಿ ಇರುತ್ತದೆ. ಅದಕ್ಕೇ ಅವರ ಹಿರಿಯರು ಬಿದಿರನ್ನು ಆರಿಸಿಕೊಂಡದ್ದು. ಇದೂ ಬೊಟ್ಟಿಗೆ ಮೊದಲಿನಿಂದ ಗೊತ್ತಿದ್ದ ವಿಷಯವೇ. ನಾಲ್ಕನೆಯ ದಿನ ತೂತು ಅವಳ ಮೈ ಹಿಡಿಯುವಷ್ಟಾಯಿತು. ಅವಳು ಹೊಕ್ಕಳು. ಎಡ ಪಕ್ಕೆ ತಾಗಿತು. ಬಲ ಪಕ್ಕೆ ತಾಗಿತು. ಅವಳು ಒಂದು ಗಳಿಗೆ ಹಾಗೆಯೇ ನಿಂತಳು. ಆಮೇಲೆ ಒಳಗೆ ಇಳಿದಳು. ಐದನೆಯ ದಿನ ಮೊದಲ ಮೊಟ್ಟೆ ಬಂತು. ಮುಂದಿನ ದಿನಗಳಲ್ಲಿ ಇನ್ನೆರಡು. ಮೂರೂ ಬಿಳಿ, ನಿಮ್ಮ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡವು.

ಮೊಟ್ಟೆಗೆ ಕಾವು ಕೂತ ಆರನೆಯ ದಿನದ ಮಾತು. ಕೆಂಚ ಇರುವೆ ಹೆಕ್ಕಲು ಹೋಗಿದ್ದ. ಬೊಟ್ಟಿ ಬಾಗಿಲಿನಿಂದ ಹೊರಗೆ ನೋಡುತ್ತಿದ್ದಳು. ಹಳ್ಳದ ಆಚೆಯ ಬೂರುಗ ಅಲ್ಲಿಂದ ಕಾಣುತ್ತಿತ್ತು, ಅದರ ದೊಡ್ಡ ಬಾಗಿಲೂ ಕಾಣುತ್ತಿತ್ತು. ಅದು ಎಲ್ಲಿಂದ ನೋಡಿದರೂ ಕಾಣುತ್ತಿತ್ತು. ಅವಳು ನೋಡುತ್ತಿದ್ದ ಹಾಗೆಯೇ ಮಟಪಕ್ಷಿ ಬಂದು ಕಾಂಡಕ್ಕೆ ಕಚ್ಚಿಕೊಂಡ. ಬಾಗಿಲೊಳಗೆ ಕೊಕ್ಕು ತೂರಿಸಿದ. ಆಮೇಲೆ ತಲೆ. ಅವನ ತಲೆ ಪೂರ್ತಿ ಒಳಗೆ ಹೋಯಿತು.

ಮರುಗಳಿಗೆಗೆ ಕೂಗಿಕೊಂಡು ತಲೆ ಹೊರಗೆಳೆದ. ಒಳಗಿದ್ದ ಕುಟ್ರಯ್ಯ ತನ್ನ ದಪ್ಪ ಕೊಕ್ಕಿನಿಂದ ಅವನ ಮೂತಿಯನ್ನು ಹಿಡಿದು ತಿರುಚಿದ್ದ.

ಬೊಟ್ಟಿಯ ಮೈಯ ಗರಿಗಳು ನಿಂತವು. ಅಲ್ಲಿ ಕುಟ್ರಯ್ಯ ಇದ್ದ, ಸರಿ. ತಾನಿದ್ದಿದ್ದರೆ? ತನ್ನ ಸೂಜಿ ಕೊಕ್ಕು ಅಷ್ಟು ದೊಡ್ಡ ತಲೆಯನ್ನು ಏನು ಮಾಡುತ್ತಿತ್ತು? ದೊಡ್ಡ ಬಾಗಿಲಿನ ಹಿಂದೆ ದೊಡ್ಡ ಕೊಕ್ಕು ಇರಬೇಕಾಗುತ್ತದೆ. ಅವಳು ಕೊರೆದದ್ದು ಬಾಗಿಲನ್ನು ಮಾತ್ರ. ಹೊಟ್ಟೆಯ ಕೆಳಗಿನ ಮೂರು ಮೊಟ್ಟೆಗಳನ್ನು ಅವಳು ಇನ್ನಷ್ಟು ಒಳಗೆ ಎಳೆದುಕೊಂಡಳು.

ಪೆಟ್ಟು ತಿಂದ ಮಟಪಕ್ಷಿ ಹಳ್ಳ ದಾಟಿ ಮೆಳೆಗೇ ಬಂದ. ಬರುವಾಗಲೇ ಸಿಟ್ಟಿನಲ್ಲಿದ್ದ, ಹಸಿದಿದ್ದ. ಒಂದು ಬಿದಿರಿನಿಂದ ಇನ್ನೊಂದಕ್ಕೆ ನೆಗೆಯುತ್ತ ಬೊಟ್ಟಿಯ ಬಿದಿರಿಗೆ ಬಂದು ಕೂತ. ಅವನ ಭಾರಕ್ಕೆ ಬಿದಿರು ಬಾಗಿ ತೂಗಿತು. ಬಾಗಿಲಿನಲ್ಲಿದ್ದ ಬೆಳಕು ಮುಚ್ಚಿಹೋಯಿತು. ಅವನು ಕೊಕ್ಕು ತೂರಿಸಿದ. ತುದಿ ಮಾತ್ರ ಬಂತು. ಬುಡ ಸಿಕ್ಕಿಕೊಂಡಿತು. ಅಲ್ಲಾಡಿಸಿ ಹೊರಗೆಳೆದು ಒಂದು ಕಣ್ಣನ್ನು ತೂತಿಗೆ ಇಟ್ಟ. ಬೊಟ್ಟಿಗೆ ಆ ಕಣ್ಣು ತನ್ನ ತಲೆಯಷ್ಟು ದೊಡ್ಡದಾಗಿ ಕಾಣಿಸಿತು. ಒಳಗೆ ಕತ್ತಲೆ, ಅವಳ ಬೆನ್ನು ಪಾಚಿಯ ಬಣ್ಣ. ಅವನಿಗೆ ಏನೂ ಕಾಣಿಸಲಿಲ್ಲ.

"ಒಳಗೆ ಯಾರಾದರೂ ಇದ್ದೀರಾ?" ಎಂದು ಕೇಳಿದ.

ಇದೇ ಬೊಟ್ಟಿ ಒಂದು ತಿಂಗಳ ಹಿಂದೆ ಎಲೆಗಳ ಮರೆಯಿಂದ ಹೊರಗೆ ಬಂದು, ನಾನಿದ್ದೇನೆ, ನಾನೂ ಮರಕುಟಿಗವೇ ಎಂದು ಹೇಳಿದವಳು. ಈಗ ಅವಳು ಉಸಿರನ್ನೂ ಹಿಡಿದುಕೊಂಡಳು. ಮೊಟ್ಟೆಗಳು ಅವಳ ಹೊಟ್ಟೆಯ ಬೊಟ್ಟುಗಳಿಗೆ ಬೆಚ್ಚಗೆ ತಾಗಿದ್ದವು.

ಮಟಪಕ್ಷಿ ಸ್ವಲ್ಪ ಹೊತ್ತು ಕಾದ. ಆಮೇಲೆ, ಯಾವುದೋ ಹುಳ ಕೊರೆದ ತೂತು ಎಂದು ಗೊಣಗಿಕೊಂಡು ಹಾರಿಹೋದ. ಬಿದಿರು ನೆಟ್ಟಗಾಯಿತು. ಬೆಳಕು ಮತ್ತೆ ಒಳಗೆ ಬಂತು.

ಕೆಂಚ ಕೊಕ್ಕಿನ ತುಂಬ ಇರುವೆ ಮೊಟ್ಟೆ ತಂದ. ಬೊಟ್ಟಿ ತಿನ್ನುವಾಗ, ದಾರಿಯಲ್ಲಿ ಮಟಪಕ್ಷಿಯನ್ನು ನೋಡಿದೆ, ಈ ಕಡೆ ಏನಾದರೂ ಬಂದಿದ್ದನೇ ಎಂದು ಗಾಬರಿಯಿಂದ ಕೇಳಿದ.

"ಬಂದಿದ್ದ. ಇಲ್ಲಿರೋದು ಹುಳ ಅಂದ."

"ನೀನೇನಂದೆ?"

"ಏನೂ ಅನ್ನಲಿಲ್ಲ ರೀ," ಎಂದಳು ಬೊಟ್ಟಿ. ಮೊಟ್ಟೆಗಳನ್ನು ಒಮ್ಮೆ ಮಗುಚಿ ಮತ್ತೆ ಕಾವು ಕೂತಳು.

ನೀತಿ: ಬೇರೆಯವರು ಗುರುತಿಸಲೆಂದು ನಮ್ಮ ಅಳತೆ ಮೀರಿ ಬಾಗಿಲು ಕೊರೆದರೆ, ಅದರಲ್ಲಿ ಬಂದು ಕೂರುವವರು ಬೇರೆಯವರೇ; ನಮ್ಮ ಅಳತೆಯನ್ನು ನಾವು ಅರಿತರೆ ಅದೇ ನಮ್ಮನ್ನು ಕಾಯುತ್ತದೆ.